ಕಾಲು ಮೈಲಿಗೆ ಅಂಟು ಹಾಕುವವರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊರಾಚೆಯ ರೇಸ್ ಪಟ್ಟಿಯ ಮೇಲೆ ಒಬ್ಬರು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಕಾಲೆತ್ತುವಾಗ ಬೂಟಿನಡಿಯ ಸದ್ದಿಗೆ ಕಿವಿಗೊಡುತ್ತಾರೆ. ಚರ್ರ್ ಎಂದು ಅಡಿ ನೆಲ ಬಿಟ್ಟರೆ ಮುಂದಿನ ಹೆಜ್ಜೆ. ಸದ್ದು ಬರದಿದ್ದರೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಕೆರೆಯುವ ಕೆಲಸ. ದೂರದಿಂದ ನೋಡಿದವರು ಪಾಪ, ಏನೋ ಕಳೆದುಕೊಂಡಿದ್ದಾರೆ ಎಂದುಕೊಳ್ಳಬೇಕು. ಇವರು ಹುಡುಕುತ್ತಿರುವುದು ಜಾರುವ ಜಾಗವನ್ನು.

ಎಲ್ಲರ ಬಾಯಲ್ಲೂ ಇವರು ಅಂಟಣ್ಣ. ಸ್ವಂತ ಹೆಸರು ಹಾಜರಿ ಹಾಕುವಾಗ ಮಾತ್ರ ನೆನಪಾಗುತ್ತದೆ ಎಂದು ಅವರೇ ನಗುತ್ತಾರೆ. ಇಲ್ಲಿ ನಡೆಯುವುದು ನೇರ ಓಟ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತಿದ ಕೂಡಲೇ ಕಾಲು ಮೈಲಿ ದೂರದ ಗೆರೆಯತ್ತ ನುಗ್ಗುತ್ತವೆ. ತಿರುವಿಲ್ಲ, ಮುರುವಿಲ್ಲ, ಕಣ್ಣು ಮಿಟುಕಿಸಿದರೆ ಮುಗಿಯಿತು. ಬಂದವರೆಲ್ಲ ಕಾರು ನೋಡುತ್ತಾರೆ, ಇಂಜಿನ್ ನೋಡುತ್ತಾರೆ, ಓಡಿಸಿದವರ ಬೆನ್ನು ತಟ್ಟುತ್ತಾರೆ. ನೆಲ ನೋಡುವವರು ಯಾರೂ ಇಲ್ಲ.

"ಇಂಜಿನ್ ಎಷ್ಟೇ ಗರ್ಜಿಸಲಿ, ಚಕ್ರ ನೆಲ ಹಿಡೀಲಿಲ್ಲ ಅಂದ್ರೆ ಕಾರು ನಿಂತಲ್ಲೇ ಹೊಗೆ ಬಿಡುತ್ತೆ" ಎನ್ನುತ್ತಾರೆ ಅಂಟಣ್ಣ. "ನಾನು ಯಾವ ಕಾರಿನ ಕಡೆಯವನೂ ಅಲ್ಲ. ನೆಲದ ಕಡೆಯವನು."

ಆ ನೆಲವನ್ನು ಹದಕ್ಕೆ ತರುವುದು ಸುಲಭದ ಮಾತಲ್ಲ. ಮೊದಲು ಗಾಳಿಯೂದುವ ಯಂತ್ರದಿಂದ ಇಬ್ಬನಿ ಆರಿಸಬೇಕು. ಹಿಂದಿನ ಓಟಗಳಲ್ಲಿ ಕಚ್ಚಿಕೊಂಡ ರಬ್ಬರಿನ ಗಡ್ಡೆಗಳನ್ನು ಕೆರೆದು ತೆಗೆಯಬೇಕು. ಆಮೇಲೆ ಅಂಟು ಸಿಂಪಡಿಸಿ, ಹಳೆಯ ಟೈರುಗಳನ್ನು ಕಟ್ಟಿದ ಟ್ರ್ಯಾಕ್ಟರನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿಸಿ, ಅಂಟು ರಬ್ಬರಿನೊಳಗೆ ಇಳಿಯುವಂತೆ ಮಾಡಬೇಕು. ಕಡಿಮೆಯಾದರೆ ಚಕ್ರ ಜಾರುತ್ತದೆ. ಹೆಚ್ಚಾದರೆ ಸಣ್ಣ ಕಾರುಗಳು ಅಂಟಿನಲ್ಲಿ ಸಿಕ್ಕ ನೊಣದಂತೆ ಒದ್ದಾಡುತ್ತವೆ. ಎಡಪಟ್ಟಿಗೆ ಒಮ್ಮೆ, ಬಲಪಟ್ಟಿಗೆ ಒಮ್ಮೆ, ಎರಡೂ ಸಮ. ಅದೊಂದೇ ಅವರ ವ್ರತ.

ಎಡಪಟ್ಟಿ ಮುಗಿಸಿ ಬಲಕ್ಕೆ ಬಂದವರು ಇವತ್ತು ಯಾಕೋ ಒಮ್ಮೆ ಸುತ್ತ ನೋಡುತ್ತಾರೆ. ಟೀ ಅಂಗಡಿಯ ಬಳಿ ಆಗಲೇ ನಾಲ್ಕು ಜನ ಬಂದಿದ್ದಾರೆ. ಅಂಟಣ್ಣನ ಕೈ ಸಿಂಪಡಿಸುವ ಕೊಳವೆಯ ಮೇಲೆ ಬಿಗಿಯುತ್ತದೆ. ನಿನ್ನೆ ಸಂಜೆ ಚೀಟಿ ಎತ್ತಿದಾಗ, ಇವತ್ತು ಓಡಲಿರುವ ಅವರ ಸೊಸೆಗೆ ಬಂದಿದ್ದು ಇದೇ ಬಲಪಟ್ಟಿ.

ಅಂಟಣ್ಣ ಮೊದಲು ಡಾಂಬರು ಹಾಕುತ್ತಿದ್ದವರು. ಇಪ್ಪತ್ತು ವರ್ಷ ಬೇರೆಯವರ ಊರಿಗೆ ರಸ್ತೆ ಮಾಡಿದರು. ಒಂದು ದಿನ ರೋಲರ್ ಹಿಂದಕ್ಕೆ ಬಂದು ಎಡಗಾಲಿನ ಎರಡು ಬೆರಳು ಹೋದವು. ಕುಂಟುವವನನ್ನು ಬಿಸಿ ಡಾಂಬರಿನ ಬಳಿ ಯಾರು ನಿಲ್ಲಿಸಿಕೊಳ್ಳುತ್ತಾರೆ? ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದಾಗ ಕರೆದು ಕೆಲಸ ಕೊಟ್ಟವರು ಈ ರೇಸ್ ಪಟ್ಟಿಯ ಮೇಲ್ವಿಚಾರಕರು. "ಅವತ್ತು ಅವರು ಕಾಲು ನೋಡ್ಲಿಲ್ಲ, ಕೈ ನೋಡಿದ್ರು. ಆ ಋಣ ತೀರಿಸೋಕೆ ಆಗಲ್ಲ, ತೀರಿಸೋದೂ ಬೇಡ. ಇರಲಿ, ಜೊತೆಗೆ" ಎನ್ನುವಾಗ ಅಂಟಣ್ಣನ ದನಿ ತೇವವಾಗುತ್ತದೆ.

ಹೆಂಡತಿಯನ್ನು ಕೇಳಿದರೆ ಬೇರೆ ಕತೆ. "ಹಾಸಿಗೆ, ಲೋಟ, ಬಾಗಿಲ ಹಿಡಿ, ಎಲ್ಲಕ್ಕೂ ಅಂಟ್ಕೋತಾರೆ. ಮನೆಕೆಲಸಕ್ಕೆ ಮಾತ್ರ ಅಂಟಲ್ಲ" ಎಂದು ಅವರು ಮುಖ ತಿರುಗಿಸಿ ನಗುತ್ತಾರೆ. ಗಂಡನ ಬಟ್ಟೆಗೆ ಆ ಮನೆಯಲ್ಲಿ ಬೇರೆಯೇ ಬಕೆಟ್ಟು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಕೆಲಸದವಳು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಅವಳದು. ಭಾನುವಾರ ಓಡಿದ ಕಾರಿನಲ್ಲೇ ಸೋಮವಾರ ಕೆಲಸಕ್ಕೆ ಹೋಗಬೇಕು. ಮೊದಲ ಸಲ ಬಂದಾಗ, ದೊಡ್ಡ ರೇಸ್ ಕಾರುಗಳನ್ನು ನೋಡಿ ತಾನೂ ಟೈರು ತೊಳೆಯುವ ನೀರಿನೊಳಗೆ ಕಾರು ಇಳಿಸಿದಳು. ಆ ಕಾರುಗಳ ಟೈರು ನುಣುಪು, ಇವಳದು ರಸ್ತೆಯ ಟೈರು. ಗೆರೆ ಗೆರೆಯಲ್ಲಿ ನೀರು ತುಂಬಿಕೊಂಡು ಹೋಗಿ, ಮಾವ ಬೆಳಗಿನಿಂದ ಹದ ಮಾಡಿದ ನೆಲಕ್ಕೆ ಸುರಿದಳು. "ಮನೆ ಒರೆಸೋಕೆ ಬಂದ್ಯೇನಮ್ಮಾ?" ಎಂದು ಅಂಟಣ್ಣ ಎಲ್ಲರೆದುರೇ ಕೇಳಿದರಂತೆ. ಅವಳಿಗೆ ಕೋಪ ಬರಲಿಲ್ಲ, ಓಟದ ಹುಚ್ಚು ಹಿಡಿಯಿತು.

ಅಲ್ಲಿಂದ ಅವಳು ಒಂದೊಂದಾಗಿ ಕಲಿತಳು. ನೀರಿಗಿಳಿಯದೆ ಪಕ್ಕದಿಂದ ಹೋಗುವುದನ್ನು, ಡಿಕ್ಕಿಯ ಸಾಮಾನೆಲ್ಲ ಇಳಿಸುವುದನ್ನು, ಹಿಂದಿನ ಟೈರಿನ ಗಾಳಿ ಕೊಂಚ ತಗ್ಗಿಸುವುದನ್ನು, ಕ್ಲಚ್ಚನ್ನು ಒದೆಯದೆ ಬಿಡುವುದನ್ನು. ಹದಿನೈದು ಸೆಕೆಂಡಿನ ಹತ್ತಿರವಿದ್ದ ಕಾರು ಕಳೆದ ತಿಂಗಳು ಹದಿನಾಲ್ಕು ಪಾಯಿಂಟ್ ಒಂದಕ್ಕೆ ಇಳಿಯಿತು. ಹದಿನಾಲ್ಕರ ಒಳಗೆ ಬಂದವರಿಗೆ ಮುಂದಿನ ವರ್ಷ ಮುಖ್ಯ ಗುಂಪಿನಲ್ಲಿ ಜಾಗ. ಈ ವರ್ಷದ ಕೊನೆಯ ಓಟ ಇವತ್ತೇ.

ಕಳೆದ ತಿಂಗಳ ಆ ಓಟವೇ ಗಂಟಲಿಗೆ ಸಿಕ್ಕ ಮುಳ್ಳಾಯಿತು. ಎಷ್ಟು ತಿದ್ದಿದರೂ ತನ್ನ ಕಾರಿನ ಸಮಯ ಇಳಿಯದೆ ಒದ್ದಾಡುತ್ತಿದ್ದ ಇನ್ನೊಬ್ಬ ಓಟಗಾರ, ಪೇಟೆಯ ಕಿಟಕಿ ಗಾಜಿನಂಗಡಿಯವನು, ಟೀ ಕುಡಿಯುತ್ತಾ, "ಮಾವ ನೆಲ ಹಾಕಿದ್ರೆ ಸೊಸೆ ಓಡದೇ ಇರ್ತಾಳಾ?" ಎಂದ. ಎಲ್ಲರೂ ನಕ್ಕರು. ಅಂಟಣ್ಣನೂ ನಕ್ಕರು. ಮನೆಗೆ ಹೋಗಿ ಊಟ ಬಿಟ್ಟರು.

ಬಿಸಿಲು ಏರುವ ಹೊತ್ತಿಗೆ ಸೊಸೆಯ ಸರದಿ. ಅಂಟಣ್ಣನ ಮಗ, ಅಂದರೆ ಅವಳ ಗಂಡ, ಎಂದಿನಂತೆ ಟೀ ಅಂಗಡಿಯ ಹಿಂದೆ ಕಿವಿ ಮುಚ್ಚಿಕೊಂಡು ನಿಂತಿದ್ದಾನೆ. ಹಸಿರು ದೀಪ. ಬಲಪಟ್ಟಿಯ ಕಾರು ಮುಂದೆ ಹೋಗುವ ಬದಲು ನಿಂತಲ್ಲೇ ಚಕ್ರ ತಿರುಗಿಸುತ್ತದೆ, ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಫಲಕದಲ್ಲಿ ಹದಿನಾಲ್ಕು ಪಾಯಿಂಟ್ ಎಂಟು. ವಾಪಸು ಬಂದವಳು ಹೆಲ್ಮೆಟ್ ತೆಗೆದು, "ಕ್ಲಚ್ ಬೇಗ ಬಿಟ್ಟೆ ಅನ್ಸುತ್ತೆ, ಮಾವ" ಎನ್ನುತ್ತಾಳೆ. ನೆಲದ ಸುದ್ದಿಯೇ ಎತ್ತುವುದಿಲ್ಲ.

ಎತ್ತುವವನು ಗಾಜಿನಂಗಡಿಯವನು. ಅವನಿಗೂ ಬಲಪಟ್ಟಿಯೇ ಬಂದಿದೆ, ಅವನ ಕಾರು ಇನ್ನೂ ಜೋರಾಗಿ ಜಾರಿ ಗೋಡೆಯ ಪಕ್ಕ ಹೋಗಿ ನಿಲ್ಲುತ್ತದೆ. ಇಳಿದವನ ಮುಖ ಬಿಳಿಚಿಕೊಂಡಿದೆ. "ಅಂಟಣ್ಣ, ನನ್ನ ಬಾಯಿ ಕೆಟ್ಟದ್ದು, ಒಪ್ಕೋತೀನಿ. ಆದ್ರೆ ಆ ಕೋಪಾನ ನೆಲದ ಮೇಲೆ ತೀರಿಸ್ಬೇಡಿ."

ಅಂಟಣ್ಣ ಬಲಪಟ್ಟಿಗೆ ನಡೆಯುತ್ತಾರೆ. ಒಂದು ಹೆಜ್ಜೆ, ಇನ್ನೊಂದು. ಬೂಟು ಸದ್ದಿಲ್ಲದೆ ಮೇಲೇಳುತ್ತದೆ. ಆಗ ಅವರಿಗೆ ಬೆಳಗಿನ ತಮ್ಮ ಕೈ ಅರ್ಥವಾಗುತ್ತದೆ. ಸೊಸೆಗೆ ಹೆಚ್ಚು ಹಾಕಿದ ಎಂದಾರು ಎಂಬ ಭಯಕ್ಕೆ ಕೊಳವೆಯನ್ನು ಬೇಗ ನಿಲ್ಲಿಸಿದ್ದಾರೆ, ಟ್ರ್ಯಾಕ್ಟರಿನ ಒಂದು ಸುತ್ತನ್ನೂ ತಪ್ಪಿಸಿದ್ದಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿಯದವರೂ ಹೆಗಲು ಮುಟ್ಟಿಕೊಳ್ಳುತ್ತಾರೆ, ಇಲ್ಲಿ ಹಾಗೇ ಆಯಿತು.

"ಬಿಸಿಲು ಏರಿದೆ, ಹಾಗೇ ಆಗುತ್ತೆ ಬಿಡಿ" ಎಂದು ಮೇಲ್ವಿಚಾರಕರು ದಾರಿ ತೋರಿಸುತ್ತಾರೆ. ಆ ದಾರಿ ಹಿಡಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಎರಡೂ ಸಮ ಎಂದು ಹೇಳಿಕೊಂಡು ಬಂದ ಮಾತು ಏನಾಗಬೇಕು? ಅಂಟಣ್ಣ ಮೈಕು ಕೇಳಿ ಇಸಿದುಕೊಳ್ಳುತ್ತಾರೆ. ಅದನ್ನು ಹಿಡಿದು ಅಭ್ಯಾಸವಿಲ್ಲ, ಕೊಳವೆಯಂತೆ ಕೆಳಮುಖ ಹಿಡಿದಿದ್ದಾರೆ. ಸೊಸೆಯೇ ಬಂದು ನೆಟ್ಟಗೆ ಮಾಡುತ್ತಾಳೆ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಇವತ್ತು ನೆಲಾನೇ ಡೊಂಕು. ಬಲಪಟ್ಟಿಗೆ ನಾನು ಕಡಿಮೆ ಹಾಕಿದೀನಿ. ತಪ್ಪು ನಂದು. ಎರಡನ್ನೂ ಮೊದಲಿಂದ ಮಾಡ್ತೀನಿ. ಬಲಗಡೆ ಓಡಿದವರೆಲ್ಲ ಇನ್ನೊಂದ್ಸಲ ಓಡಿ. ದಯವಿಟ್ಟು ಸ್ವಲ್ಪ ಹೊತ್ತು ತಡ್ಕೊಳ್ಳಿ."

ಮೊದಲು ತೋಳು ಮಡಚುವವನು ಗಾಜಿನಂಗಡಿಯವನೇ. ಕೆರೆಯುವ ಸಲಾಕೆ ಎತ್ತಿಕೊಂಡು, "ಎಲ್ಲಿಂದ ಶುರು ಮಾಡ್ಲಿ?" ಎನ್ನುತ್ತಾನೆ. ಅವನ ಹಿಂದೆ ಇನ್ನಷ್ಟು ಓಟಗಾರರು ಬರುತ್ತಾರೆ. ಅಂಟಣ್ಣ ಅವರಿಗೆಲ್ಲ ಬೂಟಿನ ಸದ್ದು ಕೇಳುವುದನ್ನು ಹೇಳಿಕೊಡುತ್ತಾರೆ. ನೆಲ ನೋಡದಿದ್ದ ಜನ ಬಗ್ಗಿ ಬಗ್ಗಿ ನೆಲ ನೋಡುತ್ತಾರೆ. ಯಾರ ಬಟ್ಟೆಯೂ ಇನ್ನು ಒಗೆಯುವಂತಿಲ್ಲ.

"ಅವನು ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು" ಎನ್ನುತ್ತಾರೆ ಅಂಟಣ್ಣ, ಬೆವರು ಒರೆಸಿಕೊಳ್ಳುತ್ತಾ. "ಇಲ್ಲಾಂದ್ರೆ ಮನೆ ಮಗಳಿಗೆ ಅನ್ಯಾಯ ಮಾಡಿ, ಅದನ್ನೇ ನ್ಯಾಯ ಅನ್ಕೊಂಡು ಮಲಗ್ತಿದ್ದೆ. ಅವನಿಗೆ ನಾನು ಕೈ ಮುಗೀಬೇಕು."

ಮರುಓಟದಲ್ಲಿ ಸೊಸೆಗೂ ಗಾಜಿನಂಗಡಿಯವನಿಗೂ ಜೋಡಿ ಬೀಳುತ್ತದೆ. ಈ ಸಲದ ಚೀಟಿಯಲ್ಲಿ ಪಟ್ಟಿ ಆರಿಸುವ ಅವಕಾಶ ಅವನಿಗೆ ಬರುತ್ತದೆ. ಪಟ್ಟಿಯ ವಿಷಯಕ್ಕೆ ಸದಾ ಜಗಳ ತೆಗೆಯುವ ಆಸಾಮಿ ಹೆಗಲು ಕುಣಿಸಿ, "ಯಾವುದಾದ್ರೂ ಸರಿ, ಅವಳನ್ನೇ ಕೇಳಿ" ಎನ್ನುತ್ತಾನೆ. ಸೊಸೆ, "ನಂಗೂ ಅಷ್ಟೇ, ಯಾವುದಾದ್ರೂ ಸರಿ" ಎನ್ನುತ್ತಾಳೆ. ಮೇಲ್ವಿಚಾರಕರು ತಲೆ ಕೆರೆದುಕೊಂಡು ತಾವೇ ಒಂದೊಂದು ಕಡೆ ಕೈ ತೋರಿಸಬೇಕಾಗುತ್ತದೆ.

ಚಕ್ರ ನೆಲ ಕಚ್ಚುತ್ತದೆ. ಅವಳ ಫಲಕದಲ್ಲಿ ಹದಿಮೂರು ಪಾಯಿಂಟ್ ಒಂಬತ್ತು. ಗಾಜಿನಂಗಡಿಯವನ ಕಾರೂ ಕೊನೆಗೂ ಹಿಂದಿನದಕ್ಕಿಂತ ಬೇಗ ಮುಟ್ಟಿದೆ. ಮಗ ಟೀ ಅಂಗಡಿಯ ಹಿಂದಿನಿಂದ ಓಡಿ ಬಂದು, ಯಾರನ್ನು ತಬ್ಬಿಕೊಳ್ಳಬೇಕೆಂದು ತಿಳಿಯದೆ ಅಪ್ಪನನ್ನೇ ತಬ್ಬಿ, ಶರ್ಟಿಗೆ ಅಂಟಿಕೊಂಡು ನಿಲ್ಲುತ್ತಾನೆ.

ಸೊಸೆ ಹದಿನಾಲ್ಕರ ಒಳಗೆ ಬಂದಿದ್ದಕ್ಕೆ ಖುಷಿಯೇ ಎಂದು ಕೇಳಿದರೆ ಅಂಟಣ್ಣ ಕಣ್ಣೊರೆಸಿಕೊಳ್ಳುತ್ತಾರೆ.

"ಆಗದೇ ಇರುತ್ತಾ? ಆದ್ರೆ ಆ ಹದಿಮೂರು ಅವಳದ್ದು, ಅವಳು ದುಡಿದಿದ್ದು. ನನ್ನ ಗೆಲುವು ಹಸಿರು ದೀಪಕ್ಕೆ ಮುಂಚೇನೇ ಆಗಿತ್ತು. ಓಡೋರಿಬ್ರೂ ಯಾವುದಾದ್ರೂ ಸರಿ ಅಂದಿದ್ದನ್ನ ಈ ಕಿವಿ ಇವತ್ತೇ ಮೊದಲು ಕೇಳಿದ್ದು."