ಅಕ್ಕಿ ಕೊಟ್ಟವರು, ಅನ್ನ ಕೊಡದವರು

ಹೊಸ ಅಗ್ರಹಾರದ ಗದ್ದೆ ಬದುವಿನ ಮೇಲೆ, ಮಗಳನ್ನು ಈ ಊರಿಗೆ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಾ ಬರುತ್ತಿದ್ದ ಅಂತರಸಂತೆಯ ಪುಟ್ಟಮಲ್ಲಪ್ಪನವರು ಎಡಗಾಲು ಜಾರಿ, ನಾಟಿಗೆ ಹದ ಮಾಡಿಟ್ಟಿದ್ದ ಕೆಸರಿಗೆ ಮಂಡಿಯವರೆಗೂ ಇಳಿದರು. ಇಳಿದರು ಎಂಬುದು ಅವರ ವಯಸ್ಸಿಗೆ ಕೊಟ್ಟ ಮರ್ಯಾದೆ. ನಿಜಕ್ಕೂ ಬಿದ್ದರು. ಕೈಯಲ್ಲಿದ್ದ ಬಾಳೆಹಣ್ಣಿನ ಚಿಪ್ಪು ಮೊದಲು, ಅದರ ಹಿಂದೆ ಅವರು. ಬೆಳಿಗ್ಗೆ ಹೆಂಡತಿ ಸುಂದ್ರಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಿದ್ದ ಪಂಚೆ ಸೊಂಟದವರೆಗೂ ಗದ್ದೆಯದೇ ಬಣ್ಣಕ್ಕೆ ತಿರುಗಿತು.

ಆಚೆ ನಾಟಿ ಹಾಕುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನೋಡಿದರು.

"ಯಾರವ್ವ ಅದು, ಗೊಬ್ಬರದ ಕಂಪ್ನಿಯೋರಾ?"

"ಅಲ್ಲ ಕಣಕ್ಕ, ಕೋಟೆ ಕಡೆಯೋರು. ಬದೀನ ಮೇಲೆ ನಡಿಯಕ್ಕೇ ಬರಲ್ಲ ನೋಡು."

ಆನೆ ಅಟ್ಟಿಸಿಕೊಂಡು ಬಂದ ದಿನವೂ ಬೀಳದ ಮನುಷ್ಯ ಇಲ್ಲಿ ಬಿದ್ದಿದ್ದರು. ಆ ಕೆಸರಿನ ವಾಸನೆಗೆ ಅವರು ಮೂಗು ಮುಚ್ಚಿಕೊಂಡರು. ಕೊಳೆತ ಎಲೆ, ಸಗಣಿ, ಅದರ ಮೇಲೆ ಔಷಧಿಯ ಘಾಟು. ಪಂಪ್‌ಸೆಟ್ಟಿನ ಕಡೆಯಿಂದ ಓಡಿಬಂದ ಹುಡುಗನೊಬ್ಬ ರಟ್ಟೆ ಹಿಡಿದು ಮೇಲೆತ್ತಿದ.

"ಅಲ್ಲಾಡ್ಬೇಡಿ ಮಾವ. ಕಾಲಲ್ಲಿ ಜಿಗಣೆ ಐತೆ."

ಮಾವ ಎಂದದ್ದರಿಂದಲೇ ಗೊತ್ತಾಯಿತು, ತಾವು ನೋಡಲು ಬಂದಿದ್ದ ವರ ನಂಜುಂಡೇಶ ಇವನೇ ಎಂದು. ಅವನು ಉಗುರಿನಿಂದ ಜಿಗಣೆಯನ್ನು ಕೆರೆದು ಎಸೆದ. ಮೀನಖಂಡದಿಂದ ರಕ್ತ ಸಣ್ಣಗೆ ಇಳಿಯಿತು. ಈ ಸೀಮೆಯಲ್ಲಿ ಹುಳಗಳೂ ಬೇರೆಯವರ ರಕ್ತ ಕುಡಿದೇ ಕೊಬ್ಬುವುದು ಎಂದುಕೊಂಡ ಪುಟ್ಟಮಲ್ಲಪ್ಪನವರು ಬಾಯಲ್ಲಿ ಮಾತ್ರ "ಇರಲಿ ಬುಡಪ್ಪ" ಎಂದರು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಒಂದು ಹಳೆಯ ಕಾಯಿಲೆಯಿದೆ. ಪಿರಿಯಾಪಟ್ಟಣದವರು ಕೊಡಗಿನ ಕಡೆ ನೋಡಿ "ಏನು ಬದುಕಪ್ಪ" ಎನ್ನುತ್ತಾರೆ, ಮರುಗಳಿಗೆಗೆ "ಏನು ಕೊಬ್ಬಪ್ಪ" ಎನ್ನುತ್ತಾರೆ. ಹುಣಸೂರಿನವರು ಹೊಗಳುತ್ತಾ ಮೈಸೂರಿಗೆ ಹೋಗಿ, ಬೈಯುತ್ತಾ ವಾಪಸು ಬರುತ್ತಾರೆ. ಕಾಡಂಚಿನ ಕೋಟೆ ತಾಲ್ಲೂಕಿನವರಾದ ನಮಗೆ, ಈ ಹೊಸ ಅಗ್ರಹಾರ ಇರುವ ಕೆ.ಆರ್. ನಗರದ ನಾಲೆ ಸೀಮೆ. ಬೈಯುವುದಕ್ಕಾದರೂ ಒಮ್ಮೆ ಹೋಗಿಬರೋಣ ಎನ್ನಿಸುವ ಊರುಗಳು ಅವು. ನಾವು ಮಳೆಗೆ ಕೈಮುಗಿಯುತ್ತಾ ಕೂತಿರುವಾಗ ಅವರು ತೂಬು ಎತ್ತಿ ನೀರು ಬಿಟ್ಟುಕೊಳ್ಳುತ್ತಾರೆ. ಇದನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನಮಗೆ ಯಾವತ್ತೂ ಬರಲಿಲ್ಲ.

ಪುಟ್ಟಮಲ್ಲಪ್ಪನವರಿಗೆ ಈ ಕಾಯಿಲೆ ಕಸುಬಿನಿಂದಲೇ ಅಂಟಿತ್ತು. ಅವರು ನಾಲೆ ಸೀಮೆಯ ಗಿರಣಿಗಳಿಂದ ಅಕ್ಕಿ ತಂದು ಅಂತರಸಂತೆಯ ವಾರದ ಸಂತೆಯಲ್ಲಿ ಮಾರುವವರು. ಸಂತೆಯ ದಿನ ಇಡೀ ಬೀದಿಗೆ ಕೇಳುವಂತೆ "ಅಗ್ರಾರದ ಅಕ್ಕಿ ಕಣ್ರವ್ವ, ಮಲ್ಲಿಗೆ ಮೊಗ್ಗು ಕಣ್ರಪ್ಪ" ಎಂದು ಕೂಗುತ್ತಿದ್ದರು. ಸಂಜೆ ಮನೆಗೆ ಬಂದು ಅದೇ ಗಂಟಲಿನಲ್ಲಿ ಮುದ್ದೆ ನುಂಗುತ್ತಾ, "ಥೂ, ಅವ್ರ ಅಕ್ಕಿ ರೋಗಿಷ್ಟರ ಊಟ" ಎನ್ನುತ್ತಿದ್ದರು.

ಕಾರಣ ಇಲ್ಲದಿರಲಿಲ್ಲ. ಗಿರಣಿಯ ಬಾಗಿಲಲ್ಲಿ ಅವರನ್ನು ಕಂಡೊಡನೆ ಅಲ್ಲಿಯವರು, "ಏನ್ ಪುಟ್ಟಮಲ್ಲಪ್ನೋರೆ, ಆನೆ ಎಲ್ ಕಟ್ಬುಟ್ಟು ಬಂದ್ರಿ?" ಎಂದು ಶುರುಮಾಡುತ್ತಿದ್ದರು. ನಿಮ್ಮ ಕಡೆ ಕರೆಂಟು ಬಂತಾ, ಹುಲಿಗೂ ನಿಮಗೂ ಒಂದೇ ಕೆರೆಯಾ ಎಂದು ನಗುತ್ತಿದ್ದರು. ಅದನ್ನೂ ಸಹಿಸಬಹುದಿತ್ತು. ಊಟದ ಹೊತ್ತಾದರೆ ಗಿರಣಿಯ ಯಜಮಾನರು ಎದ್ದು ಮನೆಗೆ ಹೋಗುತ್ತಿದ್ದರು. ಇವರ ಕೈಗೆ ಪ್ಲಾಸ್ಟಿಕ್ ಲೋಟದಲ್ಲಿ ಟೀ ಬರುತ್ತಿತ್ತು, ಅದರ ಮೇಲೆ ಕೆನೆ, ಕೆನೆಯ ಮೇಲೆ ನೊಣ. ಇಷ್ಟು ವರ್ಷ ಅಕ್ಕಿ ಕೊಟ್ಟರು, ಒಂದು ದಿನ ಅನ್ನ ಕೊಡಲಿಲ್ಲ. ಆ ಸೀಮೆಯವರು ತಮ್ಮ ಮನೆಗೆಂದೇ ವರ್ಷಗಟ್ಟಲೆ ಹಳತು ಮಾಡಿ ಇಟ್ಟುಕೊಳ್ಳುವ ಅಕ್ಕಿಯೊಂದಿದೆ. ಬೇಯಿಸಿದರೆ ಅಗುಳಿಗೆ ಅಗುಳು ಅಂಟುವುದಿಲ್ಲ. ಅದು ಗಿರಣಿಗೆ ಬರುವುದಿಲ್ಲ, ಸಂತೆಗೂ ಬರುವುದಿಲ್ಲ. ಅದರ ಮೇಲೆ ಪುಟ್ಟಮಲ್ಲಪ್ಪನವರಿಗೆ ಎಷ್ಟು ಹೇಸಿಗೆಯೋ ಅಷ್ಟೇ ಆಸೆ. ಆಸೆಯ ಸಂಗತಿಯನ್ನು ಹೆಂಡತಿಗೂ ಹೇಳಿರಲಿಲ್ಲ.

ಇಂಥವರ ಮಗಳು ಪೂಜಾ, ಹುಣಸೂರಿನಲ್ಲಿ ಬಿ.ಎಡ್. ಓದುವಾಗ ಜೊತೆಗಿದ್ದ ನಂಜುಂಡೇಶನನ್ನೇ ಮದುವೆಯಾಗುತ್ತೇನೆ ಎಂದಳು. ಜಾತಿ ಸರಿಯಿತ್ತು, ಮಠ ಸರಿಯಿತ್ತು. ಊರು ಹೊಸ ಅಗ್ರಹಾರ.

"ಜಗತ್ತಲ್ಲಿ ಬೇರೆ ಊರಿಲ್ವೇನವ್ವ?"

"ಹುಡ್ಗ ಬೇರೆ ಊರಲ್ಲಿ ಹುಟ್ಲಿಲ್ವಲ್ಲ ಅಪ್ಪಾಜಿ. ನೀವ್ ಒಂದ್ಸಲ ಹೋಗಿ ನೋಡಿ. ನೀವು ಬ್ಯಾಡ ಅಂದ್ರೆ ಅಲ್ಲಿಗೆ ಬಿಟ್ಟೆ." ಹಾಗೆಂದವಳು ಆ ರಾತ್ರಿ ಊಟಕ್ಕೆ ಬರಲಿಲ್ಲ.

ಹಿರಿಯರನ್ನೆಲ್ಲ ಕಟ್ಟಿಕೊಂಡು ಮನೆ ನೋಡುವ ಶಾಸ್ತ್ರಕ್ಕೆ ಹೋಗುವ ಮೊದಲು ತಾನೊಬ್ಬನೇ ಹೋಗಿ ಬರುತ್ತೇನೆ ಎಂದು ಪುಟ್ಟಮಲ್ಲಪ್ಪನವರು ಹೊರಟರು. ಬೇಡ ಎನ್ನುವುದಕ್ಕೆ ಒಂದು ಗಟ್ಟಿ ಕಾರಣ ಹುಡುಕಿ ತರುವುದು ಅವರ ಉದ್ದೇಶವಾಗಿತ್ತು. ಹಾಗಿದ್ದೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬೀಗತನಕ್ಕೆ ಬಂದವನಿಗೆ ಯಾರೂ ಬರೀ ಟೀ ಕೊಟ್ಟು ಕಳಿಸುವುದಿಲ್ಲವಲ್ಲ.

ಹುಡುಗನ ತಂದೆ ಬೆಟ್ಟಸ್ವಾಮಿಯವರು ಕೆಸರಾದ ಅತಿಥಿಯನ್ನು ನೋಡಿ ನಗಲಿಲ್ಲ, ನಗದಿರಲು ಬಹಳ ಕಷ್ಟಪಟ್ಟರು. ಬಚ್ಚಲು ತೋರಿಸಿ, ತಮ್ಮದೇ ಜರಿಯಂಚಿನ ಪಂಚೆ ಕೊಟ್ಟರು. ಮನೆ ನೋಡಲು ಬಂದವರು ಆ ಮನೆಯವರದೇ ಬಟ್ಟೆ ಉಟ್ಟು ಹುಲ್ಲಿನ ಮೆದೆ, ಕೊಟ್ಟಿಗೆ, ಬೋರ್‌ವೆಲ್ಲು ನೋಡಿದರು. ಎಲ್ಲ ಚೆನ್ನಾಗಿಯೇ ಇತ್ತು. ಬೇಡ ಎನ್ನಲು ಒಂದು ಕಾರಣವೂ ಸಿಗಲಿಲ್ಲ.

ಹಿತ್ತಲಿನ ಒಲೆಯ ಕಡೆಯಿಂದ ಹಳೆಯ ಅಕ್ಕಿ ಬೇಯುವ ಘಮ ಬಂತು. ಪುಟ್ಟಮಲ್ಲಪ್ಪನವರು ಯಾರೂ ಹೇಳುವ ಮೊದಲೇ ಕೈತೊಳೆದು ಎಲೆಯ ಮುಂದೆ ಕೂತರು.

ಎಲೆಗೆ ಮುದ್ದೆ ಬಿತ್ತು.

"ನಿಮ್ ಕಡೆಯೋರಿಗೆ ಅನ್ನ ಇಕ್ಕಿದ್ರೆ ಏನ್ ಚೆಂದ ಬೀಗ್ರೆ," ಎಂದರು ಬೆಟ್ಟಸ್ವಾಮಿ. "ಮೂರ್ ತಲೆಯಿಂದ ಅನ್ನದ ಮನೆ ನಮ್ದು. ಮುದ್ದೆ ಕೋಲು ಪಕ್ಕದ ಬೀದಿಯಿಂದ ಇಸ್ಕಂಡ್ ಬಂದೊ. ಇವ್ಳು ಮೊಬೈಲ್ ನೋಡ್ಕಂಡು ಬೆಳಿಗ್ಗೆಯಿಂದ ತೊಳಸ್ತಾವ್ಳೆ."

ಅವರ ಹೆಂಡತಿ ಪುಷ್ಪಾ ಬಾಗಿಲ ಬಳಿ ನಿಂತು ಸೆರಗಿನಿಂದ ಬೆವರು ಒರೆಸಿಕೊಂಡರು. ಪುಟ್ಟಮಲ್ಲಪ್ಪನವರು ತುತ್ತು ಮುರಿದರು. ಮೇಲೆ ನುಣುಪು, ಒಳಗೆ ರಾಗಿ ಹಿಟ್ಟು ಹಾಗೇ ಹಸಿ. ಬೆರಳಿಗೆ ಗಂಟುಗಳು ಸಿಕ್ಕವು. ಮುದ್ದೆ ನುಂಗುವ ಊಟವಾದ್ದರಿಂದ ಅವರ ಮುಖ ಉಳಿಯಿತು. ಸಾರಿನಲ್ಲಿ ಅದ್ದಿ ಕಣ್ಣು ಮುಚ್ಚಿ ಇಳಿಸಿದರು.

ಕಣ್ಣು ತೆರೆದಾಗ ಎದುರಿಗಿದ್ದ ಬೆಟ್ಟಸ್ವಾಮಿಯವರು ಮುದ್ದೆಯನ್ನು ಅಗಿಯುತ್ತಿದ್ದರು. ಪಕ್ಕದಲ್ಲಿ ಅವರ ತಮ್ಮನೂ ಅಗಿಯುತ್ತಿದ್ದ. ಹಲ್ಲಿಗೆ, ವಸಡಿಗೆ, ಮೀಸೆಯ ತುದಿಗೆ ಮೆತ್ತಿಕೊಂಡ ಆ ಕಂದು ಅಂಟನ್ನು ನಾಲಿಗೆಯಿಂದ ಬಳಿದು ಮತ್ತೆ ಅಗಿಯುತ್ತಿದ್ದರು. ಪಿಚಪಿಚ ಸದ್ದು. ಜಿಗಣೆಗಿಂತ ಇದು ಅಸಹ್ಯವೆನ್ನಿಸಿತು ಅವರಿಗೆ. ಕೋಟೆ ಕಡೆ ಹಸುಗೂಸೂ ಮುದ್ದೆ ಅಗಿಯುವುದಿಲ್ಲ.

"ನೀವು ಗಟ್ಟಿ ಜನ ಬುಡಿ. ದಿನಾ ಅಗೀತೀರಲ್ಲ, ದವಡೆ ನೋಯಲ್ವಾ?" ಎಂದರು ಬೆಟ್ಟಸ್ವಾಮಿ, ನಿಜವಾದ ಗೌರವದಿಂದ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ನಿಮ್ದೇ ಪುಣ್ಯ. ಕಾಡು, ಒಳ್ಳೆ ಗಾಳಿ, ಹೊಳೆ ದಂಡೆ ಮ್ಯಾಲೆ ರೆಸಾರ್ಟು. ದೇಶದೇಶದೋರು ಬಂದು ಫೋಟೋ ತೆಗಸ್ಕೊತಾರೆ. ನಮ್ಮೂರಿಗೆ ಯಾರ್ ಬತ್ತಾರೆ? ಸೊಳ್ಳೆ ಬತ್ತವೆ. ನಿಮ್ಮೋರ್ನ ಕಂಡ್ರೆ ನಮ್ಮೋರ್ಗೆ ಹೊಟ್ಟೆಯುರಿ. ಅದ್ಕೇಯ ಆನೆಗೀನೆ ಅಂತ ರೇಗಸದು."

ಪುಟ್ಟಮಲ್ಲಪ್ಪನವರಿಗೆ ರೆಸಾರ್ಟಿನ ಗೇಟಿನ ಒಳಗೆ ಏನಿದೆಯೆಂದು ಗೊತ್ತಿರಲಿಲ್ಲ. ತಮ್ಮನ್ನು ಕಂಡು ಹೊಟ್ಟೆಯುರಿದುಕೊಳ್ಳುವವರೂ ಇದ್ದಾರೆಂಬುದು ಅದಕ್ಕಿಂತ ದೊಡ್ಡ ಸುದ್ದಿ. ಅದನ್ನು ಅರಗಿಸಿಕೊಳ್ಳಲು ಹಿತ್ತಲ ಕಡೆ ತಿರುಗಿದರು. ಅಲ್ಲಿ ನಾಟಿಯ ಹೆಂಗಸರು ಸಾಲಾಗಿ ಕೂತಿದ್ದರು. ಅವರ ಎಲೆಗಳ ಮೇಲೆ ಹಳೆಯ ಅಕ್ಕಿಯ ಅನ್ನ, ಹಬೆಯಾಡುತ್ತಾ, ಅಗುಳು ಅಗುಳಾಗಿ. ಬದುವಿನ ಮೇಲೆ ನಡೆಯಲು ಬರುವುದಿಲ್ಲ ಎಂದವಳು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು.

ಆಗಲೇ ಪಕ್ಕದಲ್ಲಿ ಯಾರೋ ಕೆಮ್ಮಿದರು. ನಂಜುಂಡೇಶ. ಅವನ ಕಣ್ಣಲ್ಲಿ ನೀರು, ಕತ್ತಿನ ನರ ಉಬ್ಬಿತ್ತು. ಅವನೊಬ್ಬ ಅಗಿಯುತ್ತಿರಲಿಲ್ಲ. ತುತ್ತನ್ನು ಕೋಟೆಯವರ ಹಾಗೆ ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟು, ಗಂಟಲಲ್ಲಿ ಸಿಕ್ಕಿಸಿಕೊಂಡು, ನೀರು ಕುಡಿದು, ಎದೆ ಗುದ್ದಿಕೊಂಡು ಮತ್ತೊಂದು ತುತ್ತು ಮುರಿಯುತ್ತಿದ್ದ.

"ಅಗಿಯೋ, ಸಾಯ್ತಿಯಾ," ಎಂದರು ಬೆಟ್ಟಸ್ವಾಮಿ.

"ಅಗೀಬಾರ್ದಂತಪ್ಪ. ಪೂಜಾ ಹೇಳವ್ಳೆ," ಎಂದ ಹುಡುಗ. ಮತ್ತೆ ಕೆಮ್ಮಿದ.

ಪುಟ್ಟಮಲ್ಲಪ್ಪನವರು ತಮ್ಮ ನೀರಿನ ಲೋಟವನ್ನು ಅವನ ಕಡೆ ಸರಿಸಿದರು. ಆಮೇಲೆ ತಮ್ಮ ಎಲೆಯಲ್ಲಿದ್ದ ಹಸಿ ಮುದ್ದೆಯನ್ನು ಅಷ್ಟೂ ಮುಗಿಸಿದರು.

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಹೊಟ್ಟೆ ಕಲ್ಲಾಗಿತ್ತು. ಜಗಲಿಯ ಮೇಲೆ ಕೂತು ಓಮದ ಕಾಳು ಬಾಯಿಗೆ ಹಾಕಿಕೊಂಡರು. ಸುಂದ್ರಮ್ಮ ಜರಿಯಂಚಿನ ಪಂಚೆಯನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲ ಹಿಂದೆ ಪೂಜಾಳ ಬಳೆ ಸದ್ದಾಗದಂತೆ ಸದ್ದಾಯಿತು.

"ಅವ್ರ ಪಂಚೆ ಯಾಕುಟ್ಟಿದ್ದೀರಿ ಅಂತ ಆಮೇಲ್ ಕೇಳ್ತೀನಿ. ಜನ ಎಂಗೆ? ಮಗಳ್ನ ಕೊಡಬೋದಾ?"

ಪುಟ್ಟಮಲ್ಲಪ್ಪನವರು ಅಂಗಳಕ್ಕೆ ಒಮ್ಮೆ ಉಗಿದು ಬಂದು ಹೇಳಿದರು:

"ಮುದ್ದೆ ಅಗೀತಾರೆ. ಹುಡ್ಗ ಒಬ್ಬ ನುಂಗ್ತಾನೆ, ಅದೂ ಸರಿಯಾಗಿ ಬರಲ್ಲ. ಇವ್ಳು ಹೋಗಿ ಕಲಿಸ್ಲಿ."