ಮಲಗಿದ್ದರೂ ಸುಡುವ ಕ್ಯಾಲರಿ

ತೂಕ ಇಳಿಸದೆ ಮಂಡಿಯ ಆಪರೇಷನ್ ಆಗದೆಂದು ಲಿಫ್ಟ್ ನಡೆಸುವ ಅಕ್ಕನಿಗೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೊಟ್ಟೆ ಕಟ್ಟಿ ವರ್ಷವಾದರೂ ತೂಕ ಜಪ್ಪಯ್ಯ ಎಂದರೂ ಅಲುಗಲಿಲ್ಲ. ನರ್ಸ್ ಆಗಿದ್ದ ತಂಗಿ ಅವಳ ವಯಸ್ಸು, ಎತ್ತರ, ತೂಕ ಹಿಡಿದು ಫೋನಿನಲ್ಲೇ ಲೆಕ್ಕ ಹಾಕಿದಳು.

"ಸುಮ್ನೆ ಮಲಗಿದ್ರೂ ನಿನ್ನ ಮೈ ದಿನಕ್ಕೆ ಸಾವಿರದ ನಾನೂರು ಕ್ಯಾಲರಿ ಸುಡುತ್ತೆ, ಅಕ್ಕಾ."

"ಅಷ್ಟು ನಾನು ತಿನ್ನೋದೇ ಇಲ್ವಲ್ಲೇ!"

"ಇದು ಅಂದಾಜು. ಅರೆಹೊಟ್ಟೆ ಅಭ್ಯಾಸವಾಗಿ ಮೈ ಕಡಿಮೆ ಸುಡೋದು ಕಲಿತಿರಬೇಕು."

"ನಮ್ಮ ಮಾಲೀಕರಷ್ಟೇ ಜಿಪುಣ ಮೈ ಅನ್ನು," ಎಂದು ಅಕ್ಕ ನಕ್ಕಳು. "ಈಗೇನ್ಮಾಡ್ಲಿ?"

"ದಿನಾ ನಡೀಬೇಕು."

"ನಡೆಯೋಕಾಗಿದ್ರೆ ಆಪರೇಷನ್ ಯಾಕೆ ಬೇಕಿತ್ತು?"

ಅಕ್ಕ ಮತ್ತೆ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಊಟ ಇನ್ನಷ್ಟು ಇಳಿಸಿದಳು; ಕುಂಟುವುದು ಜಾಸ್ತಿಯಾಯಿತು, ತೂಕ ಮಾತ್ರ ಇದ್ದಲ್ಲೇ ಇತ್ತು.