ಖಾನಾಪುರದ ಬಸ್ಸಿನಲ್ಲಿ ಕೋಬಿ ಎಲೆ

ಹೆರಿಗೆ ರಜೆ ಮುಗಿಸಿ ಉದ್ಯಮಬಾಗದ ಆಫೀಸಿಗೆ ಹೋದ ಮೊದಲ ದಿನವೇ, ಸಂಜೆಯಷ್ಟರಲ್ಲಿ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಯಿತು. ಖಾನಾಪುರದ ಬಸ್ಸು ಕುಲುಕಿದಾಗಲೆಲ್ಲ ಎದೆ ಒತ್ತಿ ಹಿಡಿಯುತ್ತಿದ್ದೆ, ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಕಾಯಿಪಲ್ಲೆ ಮಾರುವ ಅಜ್ಜಿ ಮೆಲ್ಲಗೆ ಕೇಳಿದಳು, "ಕೂಸು ಎಷ್ಟ ತಿಂಗಳದ್ದವ್ವಾ?"

"ಆರು ತಿಂಗಳದ್ದರಿ."

ಅವಳು ಬುಟ್ಟಿಯಲ್ಲಿ ಉಳಿದಿದ್ದ ಕೋಬಿಯ, ಅಂದರೆ ಎಲೆಕೋಸಿನ, ಎರಡು ಎಲೆ ಕಿತ್ತು, ಕಿಟಕಿಯಾಚೆ ಬಾಟಲಿ ನೀರಿನಲ್ಲಿ ತೊಳೆದು ಕೊಟ್ಟಳು. "ಎದಿ ಮ್ಯಾಲ ಇಟ್ಕೊ, ತಂಪಾಗತೈತಿ. ಮನಿಗಿ ಹೋಗಿ ಬಿಸಿನೀರಾಗ ಅದ್ದಿದ ಅರಬಿ ಒತ್ತು, ಒಂದೀಟು ಹಾಲು ಹಿಂಡಿ, ಆಮ್ಯಾಲ ಕೂಸಿಗೆ ಕುಡಿಸು."

ನಾಚಿ ಸುತ್ತ ನೋಡಿದೆ. ಅಜ್ಜಿ ತನ್ನ ಸೆರಗನ್ನೇ ಪರದೆಯಂತೆ ಹಿಡಿದಳು. ದೇಸೂರು ದಾಟುವಷ್ಟರಲ್ಲಿ ಉರಿ ಇಳಿಯಿತು. ಮನೆಯಲ್ಲಿ ಅವಳು ಹೇಳಿದಂತೆಯೇ ಮಾಡಿದೆ. ಮಗ ಹೊಟ್ಟೆತುಂಬ ಕುಡಿದು ಮಲಗಿದ.

ಆ ವಾರವೆಲ್ಲ ಆಫೀಸಿನ ಫ್ರಿಜ್ಜಿನಲ್ಲಿ ಕೋಬಿ ಎಲೆ ಇಡುತ್ತಿದ್ದೆ. ಇದನ್ನ ತಿಂದು ಭಾರ ಇಳಿಸಾಕ ಹತ್ತೀರೇನ್ರಿ ಎಂದು ಎಲ್ಲರೂ ಕೇಳಿದರು. ಹೌದೆಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.